ಅಪ್ಪನ ಎಡಗಿವಿ

ಅಪ್ಪ ಬಂದು ಮನೆಯಲ್ಲೇ ಉಳಿದದ್ದು ನನಗೆ ಏಳು ವರ್ಷವಾದಾಗ. ಅದಕ್ಕೂ ಮೊದಲು ನೌಕಾಪಡೆಯಿಂದ ರಜೆಗೆಂದು ಬಂದು ಹೋಗುತ್ತಿದ್ದರಂತೆ. ನನಗೆ ನೆನಪಿರುವುದು ಒಂದು ಬಿಳಿ ಟೊಪ್ಪಿ, ಗೋಣಿಬೀಡಿನ ಬಸ್ಸಿನ ಹತ್ತಿರ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದ ಅಜ್ಜಿ, ಅಷ್ಟೇ. ಆಮೇಲೆ ಯುದ್ಧವಾಯಿತು. ಅಪ್ಪ ಇದ್ದ ಡೆಸ್ಟ್ರಾಯರ್ ಹಡಗು ಸುರಕ್ಷಿತವಾಗಿ ಬಂದರಿಗೆ ಮರಳಿದೆ ಎಂಬ ಕಾಗದವೂ ಬಂತು. ಅದಾಗಿ ಎರಡು ವರ್ಷಕ್ಕೆ ನೌಕಾಪಡೆಯ ವೈದ್ಯರು ಅಪ್ಪನ ಕಿವಿ ಪರೀಕ್ಷಿಸಿ, ಇನ್ನು ಹಡಗಿನ ಕೆಲಸ ಆಗದು ಎಂದು ಬರೆದುಕೊಟ್ಟರು. ಒಂದು ಕಬ್ಬಿಣದ ಟ್ರಂಕು ಹೊತ್ತುಕೊಂಡು ಅವರು ಬಂದಿಳಿದಾಗ ನಾನು ಬಾಗಿಲ ಹಿಂದೆ ಅಡಗಿಕೊಂಡೆ. ಅಲ್ಲಿಯವರೆಗೆ ನಮ್ಮದು ಮೂರು ಹೆಂಗಸರ ಮನೆ. ಅಜ್ಜಿ ಹೇಳಿದ್ದಕ್ಕೆ ಅಮ್ಮ ಎದುರು ಹೇಳುವುದು, ಅಮ್ಮ ಹೇಳಿದ್ದಕ್ಕೆ ಅಜ್ಜಿ ಗೊಣಗುವುದು, ಇಬ್ಬರೂ ಸೇರಿ ನನ್ನನ್ನು ಬೈಯುವುದು. ಈ ಲೆಕ್ಕಾಚಾರದಲ್ಲಿ ಗಂಡಸೊಬ್ಬನಿಗೆ ಜಾಗ ಎಲ್ಲಿದೆ ಎಂದು ನಮಗ್ಯಾರಿಗೂ ಗೊತ್ತಿರಲಿಲ್ಲ. ಅಪ್ಪನಿಗೂ ಗೊತ್ತಿದ್ದಂತೆ ಕಾಣಲಿಲ್ಲ.

ವಸ್ತಾರೆಯ ಹತ್ತಿರದ ಒಂದು ಎಸ್ಟೇಟಿನಲ್ಲಿ ಅಪ್ಪನಿಗೆ ಕೆಲಸ ಸಿಕ್ಕಿತು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ಮನೆಯ ಎಂಜಿನ್ನು, ತೋಟಕ್ಕೆ ನೀರು ಹಾಯಿಸುವ ಪಂಪುಗಳು, ಎಸ್ಟೇಟಿನ ಯಜಮಾನ ಗೌಡರ ಜೀಪು, ಎಲ್ಲವೂ ಅವರ ಸುಪರ್ದಿಗೆ ಬಂದವು. ನಾವೆಲ್ಲ ಎಸ್ಟೇಟಿನ ಕ್ವಾರ್ಟರ್ಸಿಗೆ ಬಂದೆವು. ಎರಡು ಕೋಣೆ, ಒಂದು ಅಡಿಗೆಮನೆ, ಹಿಂದೆ ಬಚ್ಚಲು, ಮುಂದೆ ಸಿಮೆಂಟಿನ ಜಗಲಿ. ಬಂದ ವಾರದಲ್ಲೇ ಅಪ್ಪ ಅಡಿಗೆಮನೆಯ ಹಲಗೆಗಳ ಅಂಚಿಗೆಲ್ಲ ಎರಡು ಬೆರಳೆತ್ತರದ ಮರದ ಪಟ್ಟಿ ಹೊಡೆದರು. ಡಬ್ಬಿ, ಲೋಟ ಜಾರಿ ಬೀಳಬಾರದಂತೆ. ಅಮ್ಮ ಸಾರಿನ ಸೌಟು ಹಿಡಿದುಕೊಂಡೇ ನಿಂತು ನೋಡಿದಳು.

"ನಮ್ಮನೆ ಎಂತ, ಅಲ್ಲಾಡುತ್ತಾ?"

ಅಪ್ಪ ಇನ್ನೊಂದು ಮೊಳೆ ಹೊಡೆದರು. ಬಚ್ಚಲ ಒಲೆಯನ್ನು ಅವರು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಬೆಳಿಗ್ಗೆ ಎದ್ದವರೇ ಕುಕ್ಕರಗಾಲಲ್ಲಿ ಕೂತು, ಉರಿಯ ಬಣ್ಣ ನೋಡಿ ಸೌದೆಯನ್ನು ಒಂದಿಂಚು ಒಳಗೆ, ಒಂದಿಂಚು ಹೊರಗೆ ಮಾಡುತ್ತಿದ್ದರು. ಹೊಗೆ ಕಪ್ಪಗಾದರೆ ಮುಖ ಸಿಂಡರಿಸುತ್ತಿದ್ದರು. ಊಟ ಮಾತ್ರ ಐದೇ ನಿಮಿಷ. ತಟ್ಟೆಯನ್ನು ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದು, ಗೋಡೆಗೆ ಬೆನ್ನು ಕೊಟ್ಟು, ನಮ್ಮ ಮೂವರ ಮುಖವನ್ನೂ ಒಂದೊಂದಾಗಿ ನೋಡುತ್ತಾ ಉಣ್ಣುತ್ತಿದ್ದರು. ಹಾಗೆ ನೋಡಿದರೆ ನನಗೆ ತುತ್ತು ಇಳಿಯುತ್ತಿರಲಿಲ್ಲ.

ಬಲಗಿವಿ ಪೂರ್ತಿ ಹೋಗಿತ್ತು. ಎಡಗಿವಿಯಲ್ಲಿ ಸ್ವಲ್ಪ ಉಳಿದಿತ್ತು. ಕೂಗಿದರೆ ಪ್ರಯೋಜನವಿಲ್ಲ, ಅವರಿಗೆ ಅದು ಬರೀ ಗದ್ದಲ. ಎರಡೂ ಕೈಯನ್ನು ಕೊಳವೆಯ ಹಾಗೆ ಮಾಡಿ ಎಡಗಿವಿಗೆ ಹಿಡಿದು, ನಿಧಾನವಾಗಿ, ತಗ್ಗಿದ ದನಿಯಲ್ಲಿ ಮಾತಾಡಿದರೆ ತಿಳಿಯುತ್ತಿತ್ತು. ಅಜ್ಜಿಗೆ ಅಷ್ಟು ತಾಳ್ಮೆ ಇರಲಿಲ್ಲ. ಅಮ್ಮನಿಗೆ ಗಂಡನ ಕಿವಿಗೆ ಬಾಯಿಡಲು ಅತ್ತೆಯ ಎದುರು ನಾಚಿಕೆ. ಹಾಗಾಗಿ ಆ ಕೆಲಸ ನನ್ನ ಪಾಲಿಗೆ ಬಂತು. ಯಾರು ಏನು ಹೇಳಿದರೂ "ನಿಮ್ಮಪ್ಪಂಗೆ ಹೇಳೇ" ಎನ್ನುತ್ತಿದ್ದರು. ನಾನು ಹೋಗಿ ಅವರ ತೊಡೆಯ ಮೇಲೆ ಒಂದು ಮೊಣಕಾಲೂರಿ ಹೇಳುತ್ತಿದ್ದೆ. ಬಾಗಿಲ ಹಿಂದೆ ಅಡಗಿಕೊಂಡಿದ್ದ ನಾನು ಅಪ್ಪನಿಗೆ ಹತ್ತಿರವಾದದ್ದು ಹೀಗೆ.

ಅಪ್ಪನಿಗೆ ಕೇಳಿಸುವುದಿಲ್ಲ ಎಂಬುದು ಒಮ್ಮೆ ಖಚಿತವಾದ ಮೇಲೆ ಅಮ್ಮ ಮತ್ತು ಅಜ್ಜಿಯ ಜಗಳಗಳು ಅವರ ಎದುರೇ ನಡೆಯತೊಡಗಿದವು. ದನಿ ಮಾತ್ರ ಏರುತ್ತಿರಲಿಲ್ಲ. ನೋಡುವವರಿಗೆ ಸಾರಿನ ಉಪ್ಪಿನ ಬಗ್ಗೆ ಮಾತಾಡುತ್ತಿದ್ದಾರೆ ಅನ್ನಿಸಬೇಕು, ಹಾಗೆ. ಒಂದು ಮಧ್ಯಾಹ್ನ ಅಪ್ಪ ಉಣ್ಣಲು ಕೂತಿದ್ದಾಗ ಅಜ್ಜಿ ಹಪ್ಪಳ ಮುರಿಯುತ್ತಾ ಹೇಳಿದಳು:

"ನನ್ನ ಮಗ ಹೋಗುವಾಗ ಹೆಂಗಿದ್ದ. ಬಂದಿದ್ದು ಅರ್ಧ ಆಳು. ಮನೆಗೆ ಬಂದವಳ ಕಾಲ್ಗುಣ."

ಅಮ್ಮ ಅನ್ನ ಬಡಿಸುತ್ತಲೇ ಉತ್ತರ ಕೊಟ್ಟಳು:

"ಅರ್ಧ ಆಳನ್ನ ಕಟ್ಕೊಂಡು ಏಗ್ತಿರೋಳು ನಾನು. ಗೋಡೆ ಜೊತೆ ಸಂಸಾರ ಮಾಡ್ದಂಗೆ ಆಗಿದೆ ನಂಗೆ."

ಅಪ್ಪ ತಲೆಯೆತ್ತಿ ನನ್ನನ್ನು ನೋಡಿದರು, ಏನಂತೆ ಎಂಬಂತೆ. ನಾನು ಅವರ ಎಡಗಿವಿಗೆ ಕೈ ಹಿಡಿದು, "ಇನ್ನೊಂಚೂರು ಅನ್ನ ಹಾಕ್ಲಾ ಅಂತ" ಎಂದೆ. ಅವರು "ಸಾಕು" ಎಂದು ತಟ್ಟೆ ಎತ್ತಿಕೊಂಡು ಎದ್ದರು. ಮನೆ ನೆಟ್ಟಗೆ ನಿಂತಿರುವುದು ನನ್ನಿಂದಲೇ ಎಂದು ಆವತ್ತು ನನಗೆ ಅನ್ನಿಸಿತು. ಅಲ್ಲಿಂದ ನನಗೆ ಅದೊಂದು ಚಟವಾಯಿತು. ಅಜ್ಜಿಯ ದೂರನ್ನು ಹಾರೈಕೆಯಾಗಿಸಿ, ಅಮ್ಮನ ಸಿಟ್ಟನ್ನು ಸಾಮಾನಿನ ಪಟ್ಟಿಯಾಗಿಸಿ ಆ ಕಿವಿಗೆ ಹಾಕುತ್ತಿದ್ದೆ. ಸುಳ್ಳು ಹೇಳುತ್ತಿದ್ದೇನೆ ಎಂದು ಒಮ್ಮೆಯೂ ಅನ್ನಿಸಲಿಲ್ಲ. ಒಳ್ಳೆಯದು ಮಾಡುತ್ತಿದ್ದೇನೆ ಎಂದೇ ಅಂದುಕೊಂಡಿದ್ದೆ.

ಮಾತು ಬದಲಾಯಿಸುವ ಕೈ ಒಮ್ಮೆ ಕುದುರಿದ ಮೇಲೆ ಅದು ಮನೆಯಲ್ಲೇ ನಿಲ್ಲುವುದಿಲ್ಲ. ಶಾಲೆಯಲ್ಲಿ ಹುಡುಗಿಯರು "ನಿಮ್ಮಪ್ಪ ಕಿವುಡ" ಎಂದಾಗ ನಾನು ಒಂದು ಕತೆ ಕಟ್ಟಿದೆ. ಹಡಗಿನ ಅತಿ ದೊಡ್ಡ ತೋಪನ್ನು ಹೊಡೆದದ್ದು ನಮ್ಮಪ್ಪನೇ. ಒಂದೇ ಗುಂಡಿಗೆ ಶತ್ರುಗಳ ಸಬ್‌ಮರೀನ್ ಎರಡು ತುಂಡಾಯಿತು. ಆ ಸದ್ದಿಗೆ ಕಿವಿ ಹೋಯಿತು. ಅಪ್ಪನನ್ನು ನಾನು ಯಾವತ್ತೂ ಯುದ್ಧದ ಬಗ್ಗೆ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಖಾಲಿ ಜಾಗ ಸಿಕ್ಕಿತು, ತುಂಬಿಸಿದೆ. ಕತೆ ಐದನೇ ಕ್ಲಾಸಿನಿಂದ ಏಳನೇ ಕ್ಲಾಸಿಗೆ, ಅಲ್ಲಿಂದ ಮೇಷ್ಟ್ರುಗಳ ಕೋಣೆಗೆ ಹೋಯಿತು. ನಮ್ಮ ಹೆಡ್‌ಮಾಸ್ಟರ್ ರಂಗಪ್ಪನವರು ಆ ವರ್ಷದ ಗಣರಾಜ್ಯೋತ್ಸವಕ್ಕೆ ಅಪ್ಪನನ್ನೇ ಮುಖ್ಯ ಅತಿಥಿಯಾಗಿ ಕರೆದರು. ಕರೆಯಲು ಮನೆಗೇ ಬಂದಿದ್ದರು. "ಮಕ್ಕಳಿಗೆ ಎರಡು ಮಾತು ಹೇಳ್ಬೇಕಂತೆ" ಎಂದು ನಾನು ಕಿವಿಗೆ ಹೇಳಿದೆ. ಬೇಡ ಎನ್ನಬಹುದು ಎಂಬ ಆಸೆಯಿತ್ತು. ಅಪ್ಪ "ಆಯ್ತು" ಎಂದುಬಿಟ್ಟರು.

ಜನವರಿಯೆಂದರೆ ಕಾಫಿ ಕೊಯ್ಲಿನ ಸಮಯ. ಅಪ್ಪ ಪಲ್ಪಿಂಗ್ ಮನೆಯ ಕೆಲಸ ಅರ್ಧಕ್ಕೆ ಬಿಟ್ಟು, ಕೈಯುಜ್ಜಿ ತೊಳೆದು, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದರು. ಹಾಗಿದ್ದೂ ಹುಳಿಯಾದ ಕಾಫಿ ಸಿಪ್ಪೆಯ ವಾಸನೆ ಅವರ ಜೊತೆಗೇ ಬಂದಿತ್ತು. ಬಾವುಟ ಹಾರಿಸಿದ್ದಾಯಿತು. ಅಂಗಳದಲ್ಲಿ ನೂರಿಪ್ಪತ್ತು ಮಕ್ಕಳು, ಬೆಂಚಿನ ಮೇಲೆ ಮೇಷ್ಟ್ರುಗಳು, ಅಪ್ಪನಿಗೊಂದು ಕೈಕುರ್ಚಿ, ಅವರ ಎಡಕ್ಕೆ ನಿಂತ ನಾನು. ಹೆಡ್‌ಮಾಸ್ಟರ್ ಎದುರಿಗೆ ನಿಂತು ಗಂಟಲು ಸರಿಮಾಡಿಕೊಂಡರು.

"ಯುದ್ಧದಲ್ಲಿ ತಾವು ಶತ್ರುಗಳ ಎಷ್ಟು ಹಡಗು ಮುಳುಗಿಸಿದ್ರಿ, ಮಕ್ಕಳಿಗೆ ಹೇಳ್ಬೇಕು."

ನಾನು ಕೈಯನ್ನು ಕೊಳವೆ ಮಾಡಿ, "ಹಡಗಲ್ಲಿ ನಿಮ್ಮ ಕೆಲ್ಸ ಎಂತ ಇತ್ತು ಅಂತ ಕೇಳ್ತಾರೆ" ಎಂದೆ.

ಅಪ್ಪ ಒಂದು ಕ್ಷಣ ನನ್ನನ್ನು ನೋಡಿದರು. ಆಮೇಲೆ, "ಬಾಯ್ಲರ್ ನೋಡ್ಕೊಳ್ತಿದ್ದೆ. ಬೆಂಕಿ ಕೆಲ್ಸ" ಎಂದರು. ಏಳನೇ ಕ್ಲಾಸಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಹೆಡ್‌ಮಾಸ್ಟರು ಕೈಯೆತ್ತಿ ಸುಮ್ಮನಿರಿಸಿದರು.

"ಅದಲ್ಲ, ತಾವೇ ತೋಪು ಹೊಡೆದು ಸಬ್‌ಮರೀನ್ ಮುಳುಗಿಸಿದ್ದು ಅಂತ ನಿಮ್ಮ ಮಗಳು ಹೇಳಿದಾಳೆ. ಅದನ್ನ ಹೇಳಿ."

ನಾನು ಮತ್ತೆ ಕಿವಿಗೆ ಬಾಗಿದೆ. "ಹಡಗಲ್ಲಿ ಊಟಕ್ಕೆ ಎಂತ ಕೊಡ್ತಿದ್ರು ಅಂತ" ಎಂದೆ.

ಅಪ್ಪ ನನ್ನ ಕೈಗಳನ್ನು ತಮ್ಮ ಕಿವಿಯಿಂದ ಮೆಲ್ಲಗೆ ಬಿಡಿಸಿದರು. ಎದ್ದು ನಿಂತರು.

"ಮೇಷ್ಟ್ರೇ, ತೋಪು ಹೊಡೆದವರು ಬೇರೆಯವ್ರು. ನಾನು ಬಾಯ್ಲರ್ ಮುಂದೆ ನಿಂತವನು. ಯುದ್ಧ ನಡೆದಷ್ಟು ದಿನಾನೂ ಶತ್ರುವಿನ ಒಂದು ಹಡಗೂ ನಾನು ನೋಡ್ಲಿಲ್ಲ. ಸಮುದ್ರಾನೇ ನೋಡ್ಲಿಲ್ಲ ಅನ್ನಿ."

ತನ್ನ ದನಿ ತನಗೇ ಕೇಳಿಸದವರು ಮಾತಾಡುವ ಹಾಗೆ, ಏರಿಳಿತವಿಲ್ಲದೆ, ಅಪ್ಪ ಆವತ್ತು ಮೊದಲ ಸಲ ಎಲ್ಲವನ್ನೂ ಹೇಳಿದರು. ಬಾಯ್ಲರ್ ರೂಮು ನೀರಿನ ಮಟ್ಟಕ್ಕಿಂತ ಕೆಳಗೆ. ಕಿಟಕಿ ಇಲ್ಲ. ಒಳಕ್ಕೆ ಗಾಳಿ ತಳ್ಳುವ ದೊಡ್ಡ ಫ್ಯಾನುಗಳ ಮೊರೆತದಲ್ಲಿ ಪಕ್ಕದವನ ಕೂಗೂ ಕೇಳಿಸದು. ವರ್ಷಗಟ್ಟಲೆ ಕೇಳಿ ಕಿವಿ ಹೋದದ್ದೂ ಆ ಮೊರೆತಕ್ಕೇ. ಆ ದಿನ ಒಳಗಿದ್ದದ್ದು ನಾಲ್ಕೇ ಜನ. ಕೆಳಗೆಲ್ಲೋ ಸಬ್‌ಮರೀನ್ ಇದೆ ಎಂದು ಹಡಗು ಪೂರ್ತಿ ವೇಗದಲ್ಲಿ ತಿರುಗುತ್ತಾ ನೀರಿನೊಳಗೆ ಬಾಂಬು ಇಳಿಸುತ್ತಿತ್ತು. ಒಂದೊಂದು ಸಿಡಿದಾಗಲೂ ದೊಡ್ಡ ಸುತ್ತಿಗೆಯಿಂದ ಹಡಗಿನ ಹೊಟ್ಟೆಗೆ ಹೊಡೆದಂತೆ. ಆ ಅದುರಿಗೆ ಹಬೆಯ ಕೊಳವೆಯ ಒಂದು ಬೆಸುಗೆ ಬಿಟ್ಟುಕೊಂಡಿತು. ಅಲ್ಲಿಯ ಹಬೆ ನಮ್ಮ ಹಂಡೆಯ ಹಬೆಯ ಹಾಗೆ ಬೆಳ್ಳಗೆ ಕಾಣುವುದಿಲ್ಲ. ಕಣ್ಣಿಗೆ ಏನೂ ಕಾಣದು, ಆದರೆ ಅಡ್ಡ ಬಂದವನನ್ನು ಸುಟ್ಟುಹಾಕುತ್ತದೆ. ಅಡ್ಡ ಬಂದವನು ವಾಸು, ಅಪ್ಪನ ಜೊತೆಗಾರ. ಇಬ್ಬರೂ ಒಂದೇ ಜಿಲ್ಲೆಯವರು, ಹಡಗಿನಲ್ಲಿ ಕನ್ನಡ ಮಾತಾಡುತ್ತಿದ್ದದ್ದು ಇವರಿಬ್ಬರೇ. ಒಬ್ಬ ಓಡಿಹೋಗಿ ಹಬೆಯ ವಾಲ್ವು ಮುಚ್ಚಿದ. ಹಿರಿಯ ಅಧಿಕಾರಿ ಟೆಲಿಫೋನಿನ ಕಡೆ ಹೋಗುತ್ತಾ, ಜಾಗ ಬಿಡಬೇಡ ಎಂದು ಅಪ್ಪನಿಗೆ ಕೈ ತೋರಿಸಿದರು. ಬೆಂಕಿ ತಗ್ಗಿದರೆ ಹಡಗಿನ ವೇಗ ತಗ್ಗುತ್ತದೆ, ಮೇಲೆ ಮುನ್ನೂರು ಜನ.

"ನಾನು ಜಾಗ ಬಿಡ್ಲಿಲ್ಲ. ಅವನು ಇಲ್ಲೇ, ಇಷ್ಟು ದೂರದಲ್ಲಿ ಬಿದ್ದಿದ್ದ. ಇಪ್ಪತ್ತು ನಿಮಿಷ ಆದ್ಮೇಲೆ ಮೇಲಿಂದ ಜನ ಬಂದು ಎತ್ಕೊಂಡು ಹೋದ್ರು. ಮಾರನೇ ದಿನ ಬೆಳಿಗ್ಗೆ ಹೋದ. ಹೆಸರು ವಾಸುದೇವ. ಕಳಸದವನು. ಯುದ್ಧದ ಬಗ್ಗೆ ನಂಗೆ ಗೊತ್ತಿರೋದು ಇಷ್ಟೇ ಮಕ್ಕಳೇ."

ಅವರು ಕೂತರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಹೆಡ್‌ಮಾಸ್ಟರು ಅವಸರವಾಗಿ ಜೈಕಾರ ಹಾಕಿಸಿ ಬೂಂದಿ ಹಂಚಲು ಹೇಳಿದರು.

ಮನೆಗೆ ಹೋಗುವ ದಾರಿ ಕಾಫಿ ಒಣಗಿಸುವ ಕಣದ ಪಕ್ಕದಲ್ಲೇ ಹಾದು ಹೋಗುತ್ತಿತ್ತು. ಅರ್ಧ ದಾರಿಗೆ ಬಂದಾಗ ನನಗೆ ತಡೆಯಲಾಗದೆ ಅವರ ಅಂಗಿ ಹಿಡಿದು ನಿಲ್ಲಿಸಿದೆ.

"ಅಪ್ಪಾ, ಹೆಡ್‌ಮಾಸ್ಟರ್ ಕೇಳಿದ್ದು ನಿಮಗೆ ಹೆಂಗೆ ಕೇಳಿಸ್ತು?"

"ಕೇಳಿಸ್ಲಿಲ್ಲ. ನೋಡ್ದೆ." ತಮ್ಮ ತುಟಿ ಮುಟ್ಟಿ ತೋರಿಸಿದರು. "ಬಾಯ್ಲರ್ ರೂಮಲ್ಲಿ ಯಾರ ಮಾತೂ ಯಾರಿಗೂ ಕೇಳಿಸಲ್ಲ ಪುಟ್ಟಿ. ತುಟಿ ನೋಡಿನೇ ಕೆಲ್ಸ ಮಾಡೋದು. ಕಿವಿ ಚೆನ್ನಾಗಿದ್ದಾಗಲೇ ಕಲ್ತಿದ್ದು."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

"ಮನೇಲಿ... ಅಮ್ಮ ಹೇಳೋದೂ?"

"ಬೆಳಕಿಗೆ ಮುಖ ಮಾಡಿ ಆಡಿದ್ರೆ ಗೊತ್ತಾಗತ್ತೆ. ಒಲೆ ಕಡೆ ತಿರುಗಿದ್ರೆ ಇಲ್ಲ."

"ಮತ್ತೆ ಯಾಕೆ ಸುಮ್ನಿರ್ತೀರಿ?"

ಅಪ್ಪ ಕಣದ ಕಟ್ಟೆಯ ಮೇಲೆ ಕೂತು ನನ್ನನ್ನೂ ಕೂರಿಸಿಕೊಂಡರು.

"ನೋಡು, ಹತ್ತು ಹನ್ನೆರಡು ವರ್ಷ ಮನೆ ಬಿಟ್ಟಿದ್ದವನು ನಾನು. ಅವರಿಬ್ರೂ ಅವರ ಪಾಡಿಗೆ ಬದುಕ್ಕೊಂಡಿದ್ರು. ನಿಮ್ಮಮ್ಮಂಗೆ ಸಿಟ್ಟು ಬಂದ್ರೆ ಎಲ್ಲಾದ್ರೂ ಆಡ್ಬೇಕಲ್ಲ. ನಂಗೆ ತಿಳಿಯತ್ತೆ ಅಂತ ಗೊತ್ತಾದ್ರೆ ಬಾಯಿ ಮುಚ್ಕೊಳ್ತಾಳೆ. ಆಮೇಲೆ ಈ ಮನೇಲಿ ನಂಗೆ ಎಂತದೂ ಗೊತ್ತಾಗಲ್ಲ." ಸ್ವಲ್ಪ ನಕ್ಕರು. "ನೀನು ಬದಲಾಯಿಸಿ ಹೇಳೋದೂ ಗೊತ್ತಿತ್ತು. ಅಜ್ಜಿ ಬೈದಿದ್ದನ್ನ ಹಾರೈಕೆ ಮಾಡ್ತಿದ್ದೆಯಲ್ಲ, ಚೆನ್ನಾಗಿರ್ತಿತ್ತು. ಆದ್ರೆ ಇವತ್ತಿಂದು ಬೇರೆ. ತೋಪು ಹೊಡೆದ ಅಪ್ಪ ಇರೋ ಕತೇಲಿ ವಾಸುಗೆ ಜಾಗ ಎಲ್ಲಿ ಹೇಳು?"

ನಾನು ಅಳತೊಡಗಿದೆ. ಅಪ್ಪ ಬೈಯಲಿಲ್ಲ, ಕಣದ ಕಡೆ ನೋಡುತ್ತಾ ಕೂತರು. ಆಮೇಲೆ ತಾವಾಗಿಯೇ ಹೇಳಿದರು, ನನಗಿಂತ ಹೆಚ್ಚಾಗಿ ತಮಗೇ ಹೇಳಿಕೊಂಡಂತೆ:

"ನಾನೂ ಒಂದ್ಸಲ ಬದಲಾಯಿಸಿ ಹೇಳಿದೀನಿ. ಅವನ ಅಮ್ಮಂಗೆ. ಒಂದೇ ಗಳಿಗೇಲಿ ಹೋದ, ನೋವೇ ಆಗ್ಲಿಲ್ಲ ಅಂತ. ಇವತ್ತು ಇಲ್ಲಿ ಆಡಿದ್ದು ಅಲ್ಲಿಗೆ ಮುಟ್ಟಿದ್ರೆ ಏನ್ಮಾಡ್ಲಿ ಅಂತ ಯೋಚನೆ ಮಾಡ್ತಿದೀನಿ."

ತುಟಿ ಓದುವ ವಿಷಯ ಅಮ್ಮನಿಗೆ ಹೇಳಬೇಡ ಎಂದರು. ಹೇಳಲಿಲ್ಲ. ಆದರೆ ಅಲ್ಲಿಂದ ಮುಂದೆ ನಮ್ಮ ಮನೆಯ ಊಟದ ಹೊತ್ತು ನನಗೆ ಬೇರೆಯೇ ಆಯಿತು. ಅಮ್ಮ ಗೊಣಗಿದಾಗಲೆಲ್ಲ ನಾನು ಅಪ್ಪನ ಕಣ್ಣು ನೋಡುತ್ತಿದ್ದೆ. ಅವರು ತಟ್ಟೆ ನೋಡುತ್ತಿದ್ದರು.

ಶಾಲೆಯಲ್ಲಿ ಆಡಿದ ಮಾತು ಕಳಸಕ್ಕೆ ಮುಟ್ಟಿಯೇ ಮುಟ್ಟಿತು. ನಮ್ಮ ಶಾಲೆಯ ಸುಶೀಲ ಟೀಚರ್ ಕಳಸದವರು, ಶನಿವಾರ ಊರಿಗೆ ಹೋಗುತ್ತಿದ್ದರು. ಅವರು ಕೆಟ್ಟದ್ದಕ್ಕೆ ಹೇಳಿದ್ದಲ್ಲ, ನಿಮ್ಮ ಮಗನನ್ನು ಅಷ್ಟು ಚೆನ್ನಾಗಿ ನೆನೆದರು ಎಂದು ವಾಸುವಿನ ತಾಯಿಗೆ ಹೇಳಲು ಹೋಗಿ ಎಲ್ಲವನ್ನೂ ಹೇಳಿದ್ದರು. ಎರಡು ವಾರಕ್ಕೆ ಒಂದು ಕಾರ್ಡು ಬಂತು, ಒಂದೇ ಸಾಲಿನದು. "ಒಂದು ಸಲ ಬಂದು ಹೋಗು." ಕೊಯ್ಲು ಮುಗಿದ ಮೇಲೆ ಅಪ್ಪ ವರ್ಷಕ್ಕೊಮ್ಮೆ ಕಳಸಕ್ಕೆ ಹೋಗಿಬರುವುದು ವಾಡಿಕೆಯೇ ಆಗಿತ್ತು. ಹಡಗಿನಿಂದ ವಾಸುವಿನ ಅಸ್ಥಿ ತಂದು ಭದ್ರೆಯಲ್ಲಿ ಬಿಟ್ಟವರೂ ಅವರೇ. ಪ್ರತಿ ಸಲ ಒಬ್ಬರೇ ಹೋಗುತ್ತಿದ್ದರು. ಈ ಸಲ ನನ್ನನ್ನೂ ಕರೆದುಕೊಂಡು ಹೊರಟರು. ಅಮ್ಮ ಒಂದು ಡಬ್ಬಿಯಲ್ಲಿ ಕಜ್ಜಾಯ ಕಟ್ಟಿಕೊಟ್ಟಳು. ಮೂಡಿಗೆರೆಯಲ್ಲಿ ಬಸ್ಸು ಬದಲಿಸಿ, ಕೊಟ್ಟಿಗೆಹಾರದಲ್ಲಿ ಇಳಿದು ದೋಸೆ ತಿಂದೆವು. ಅಪ್ಪ ತಿಂದದ್ದು ಅರ್ಧ.

ವಾಸುವಿನ ತಾಯಿ ಪದ್ಮಾವತಮ್ಮ ಮನೆಯ ಮುಂದೆ ಚಾಪೆ ಹಾಕಿಕೊಂಡು ಮುತ್ತುಗದ ಎಲೆ ಹಚ್ಚುತ್ತಿದ್ದರು. ಸಣ್ಣ ಮೈಕಟ್ಟಿನ, ಕನ್ನಡಕದ ಹೆಂಗಸು. ನಮ್ಮನ್ನು ನೋಡಿ ಏಳಲಿಲ್ಲ. ಬಾ ಎನ್ನಲಿಲ್ಲ, ಕೂರು ಎನ್ನಲಿಲ್ಲ. ಅಪ್ಪ ಮೆಟ್ಟಿಲ ಮೇಲೆ ಕೂತರು, ನಾನು ಅವರ ಎಡಕ್ಕೆ. ಪದ್ಮಾವತಮ್ಮ ತಲೆ ತಗ್ಗಿಸಿಕೊಂಡೇ, ಎಲೆಗೆ ಕಡ್ಡಿ ಚುಚ್ಚುತ್ತಾ ನನಗೆ ಹೇಳಿದರು:

"ಸುಶೀಲ ಹೇಳಿದ್ದು ನಿಜವಾ ಅಂತ ಕೇಳು ನಿಮ್ಮಪ್ಪನ್ನ."

ಅವರ ಮುಖ ಕೆಳಗಿತ್ತು, ಅಪ್ಪನಿಗೆ ತುಟಿ ಕಾಣುತ್ತಿರಲಿಲ್ಲ. ಆ ಮನೆಯಲ್ಲಿ ನಿಜವಾಗಿಯೂ ನಾನೊಬ್ಬಳೇ ಕಿವಿ. ಕೇಳಿದೆ. ಅಪ್ಪ "ನಿಜ" ಎಂದರು.

"ನನ್ನ ಮಗ ಬಿದ್ದಾಗ ಎಷ್ಟು ದೂರದಲ್ಲಿದ್ದ ಇವನು?"

ಅಪ್ಪ ತಾವು ಕೂತಲ್ಲಿಂದ ಜಗಲಿಯ ಕಂಬದ ಕಡೆ ಕೈ ತೋರಿಸಿದರು. ಪದ್ಮಾವತಮ್ಮ ಕಂಬವನ್ನು ನೋಡಿ ಮತ್ತೆ ತಲೆ ತಗ್ಗಿಸಿದರು. ಒಂದು ಎಲೆ ಪೂರ್ತಿ ಹಚ್ಚಿ ಮುಗಿಸಿ, ಇನ್ನೊಂದನ್ನು ಕೈಗೆತ್ತಿಕೊಂಡು, ನನಗೇ ಕಷ್ಟದಲ್ಲಿ ಕೇಳಿಸುವಷ್ಟು ಸಣ್ಣ ದನಿಯಲ್ಲಿ ಹೇಳಿದರು:

"ನನ್ನ ಕರೆದ್ನಾ ಅಂತ ಕೇಳು."

ನಾನು ಅಪ್ಪನ ಕಿವಿಗೆ ಕೈ ಹಿಡಿದೆ. ಬಾಯಿಗೆ ಬಂದದ್ದು ಬೇರೆ. ಕಜ್ಜಾಯದ ಡಬ್ಬಿ ಕೊಡಬೇಕಂತೆ ಎನ್ನಬಹುದಿತ್ತು. ಬಸ್ಸು ಎಷ್ಟು ಹೊತ್ತಿಗೆ ಅಂತೆ ಎನ್ನಬಹುದಿತ್ತು. ಅಪ್ಪನನ್ನು ಆ ಪ್ರಶ್ನೆಯಿಂದ ಉಳಿಸಬಹುದು, ಅವರಿಗೆ ಗೊತ್ತೂ ಆಗುವುದಿಲ್ಲ. ಹತ್ತು ವರ್ಷದ ನನಗೆ ಅಷ್ಟು ಅಧಿಕಾರ ಆ ಗಳಿಗೆಯಲ್ಲಿ ಇತ್ತು. "ನನ್ನ ಕರೆದ್ನಾ ಅಂತ ಕೇಳ್ತಾರೆ" ಎಂದೆ, ಅಷ್ಟನ್ನೇ.

ಅಪ್ಪ ಕಂಬದ ಕಡೆ ತಿರುಗಿ ಹೇಳಿದರು:

"ನೀರು ಅಂದ. ಆಮೇಲೆ ಅಮ್ಮ ಅಂದ. ದನಿ ಕೇಳಿಸ್ಲಿಲ್ಲ ಅಮ್ಮ, ತುಟಿ ನೋಡ್ದೆ. ಅದನ್ನೇ ಅಂತಿದ್ದ. ಎತ್ಕೊಂಡು ಹೋಗೋವರೆಗೂ."

ಪದ್ಮಾವತಮ್ಮ ಈಗ ಮುಖವೆತ್ತಿದರು. ನನ್ನನ್ನು ದಾಟಿ ನೇರ ಅಪ್ಪನನ್ನೇ ಕೇಳಿದರು:

"ನೀರು ಕೊಟ್ಟೆಯಾ?"

ನಾನು ಕೈಯೆತ್ತಬೇಕಾಗಲಿಲ್ಲ. ಅಪ್ಪನಿಗೆ ತಿಳಿದಿತ್ತು.

"ಇಲ್ಲ. ಜಾಗ ಬಿಡೋ ಹಾಗಿರ್ಲಿಲ್ಲ."

"ಐದು ವರ್ಷ ನನ್ನ ಮನೇಲಿ ಉಂಡ್ಕೊಂಡು ಹೋದೆ. ನೋವಾಗ್ಲಿಲ್ಲ ಅಮ್ಮ, ನೋವಾಗ್ಲಿಲ್ಲ ಅಮ್ಮ ಅಂದೆ. ನಾನು ಅದೊಂದನ್ನ ಹಿಡ್ಕೊಂಡು ಬದುಕಿದ್ದೆ. ಈಗ ಎಂತ ಹಿಡ್ಕೊಳ್ಳಲಿ ಮಾರಾಯ?"

ಪದ್ಮಾವತಮ್ಮ ಎದ್ದು ಒಳಗೆ ಹೋದರು, ಎಲೆಗಳು ಚಾಪೆಯ ಮೇಲೆಯೇ ಉಳಿದವು. ನಾವು ಬಸ್ಸಿನ ಹೊತ್ತಿನವರೆಗೂ ಮೆಟ್ಟಿಲ ಮೇಲೆ ಕೂತಿದ್ದೆವು. ಕೊನೆಗೆ ಅವರ ಮಗಳು ಬಂದು, "ಇವತ್ತು ಹೋಗಿ ಅಣ್ಣ, ಅಮ್ಮ ಮಲಗಿದಾಳೆ" ಎಂದಳು. ನಾನು ಡಬ್ಬಿಯನ್ನು ಅವಳ ಕೈಗೆ ಕೊಟ್ಟೆ. ಹಿಂತಿರುಗುವಾಗ ಅಪ್ಪ ಬಸ್ಸಿನ ಕಿಟಕಿಗೆ ಮುಖ ಮಾಡಿ ಕೂತರು. ಯಾರ ಮುಖವನ್ನೂ ನೋಡದೆ ಅವರು ಅಷ್ಟು ಹೊತ್ತು ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು.

ಆ ಬೇಸಿಗೆ ಅಪ್ಪ ಕೆಲಸಕ್ಕೆ ಹೋಗುತ್ತಿದ್ದರು, ಬರುತ್ತಿದ್ದರು, ಅಷ್ಟೇ. ಬಚ್ಚಲ ಒಲೆಯಲ್ಲಿ ಕಪ್ಪು ಹೊಗೆ ಬಂದರೂ ತಿರುಗಿ ನೋಡಲಿಲ್ಲ. ನನ್ನ ಒಂದು ಬಡಾಯಿಯಿಂದ ಎರಡು ಮನೆ ಮುರಿಯಿತು ಎಂದು ನಾನು ಒಳಗೊಳಗೇ ಕುಗ್ಗಿಹೋಗಿದ್ದೆ. ತುಟಿಯ ವಿಷಯವೊಂದನ್ನು ಬಿಟ್ಟು, ಕಳಸದಲ್ಲಿ ಏನಾಯಿತೆಂದು ಅಮ್ಮನಿಗೆ ನಾನೇ ಹೇಳಿದ್ದೆ. ಒಂದು ದಿನ ಊಟದ ಹೊತ್ತಿನಲ್ಲಿ ಅಪ್ಪ ತಟ್ಟೆಯಲ್ಲಿ ಕೈಯಾಡಿಸುತ್ತಾ ಕೂತಿದ್ದರು. ಅಮ್ಮ ಅವರ ಎದುರಿಗೇ ನಿಂತು, ಬಾಗಿಲ ಬೆಳಕಿನಲ್ಲಿ, ಅಜ್ಜಿಗೆ ಹೇಳಿದಳು:

"ಆ ಜಾಗದಲ್ಲಿ ಬೇರೆ ಯಾರಿದ್ರೂ ಓಡಿಹೋಗ್ತಿದ್ರು. ಇವ್ರು ನಿಂತ್ರು. ನಿಂತಿದ್ದಕ್ಕೆ ಒಬ್ರೇ ಸುಡ್ತಾ ಇದಾರೆ. ನಂಗಾದ್ರೂ ಹೇಳ್ಬಾರ್ದಿತ್ತಾ ಇಷ್ಟು ವರ್ಷ?"

ಅಜ್ಜಿ ಅಪರೂಪಕ್ಕೆ ಎದುರಾಡಲಿಲ್ಲ. ಅಪ್ಪ ತಲೆಯೆತ್ತಿ ಅಮ್ಮನನ್ನು ನೋಡಿದರು, ಆಮೇಲೆ ನನ್ನನ್ನು. ನಾನು ಎದ್ದು ಅವರ ಕಿವಿಯ ಹತ್ತಿರ ಹೋಗಲಿಲ್ಲ. ಅವರು ಕಲಸಿಟ್ಟ ಅನ್ನವನ್ನು ಉಂಡರು. ಇನ್ನೊಂದು ಸಲ ಹಾಕು ಎಂದು ತಟ್ಟೆ ಮುಂದೆ ಚಾಚಿದರು.

ವರ್ಷ ತುಂಬುವ ಮೊದಲು ಇನ್ನೊಂದು ಕಾರ್ಡು ಬಂತು. "ವಾಸುವಿನ ತಿಥಿಗೆ ಬಾ. ಮಗಳನ್ನೂ ಕರೆದುಕೊಂಡು ಬಾ." ಹೋದೆವು. ಕ್ಷಮೆಯ ಮಾತು ಅಲ್ಲಿ ಬರಲಿಲ್ಲ, ಕೊನೆಯವರೆಗೂ ಬರಲಿಲ್ಲ. ಊಟವಾದ ಮೇಲೆ ಪದ್ಮಾವತಮ್ಮ ಅಪ್ಪನನ್ನು ಎದುರಿಗೆ ಕೂರಿಸಿಕೊಂಡು, ತಾವು ಬೆಳಕಿಗೆ ಮುಖ ಮಾಡಿ ಕೇಳತೊಡಗಿದರು. ಹಡಗಿನಲ್ಲಿ ಅವನಿ‌ಗೆ ವಾಂತಿಯಾಗುತ್ತಿತ್ತಾ? ಯಾರ ಜೊತೆ ಜಗಳ ಮಾಡುತ್ತಿದ್ದ? ಅಲ್ಲಿಯ ಚಪಾತಿ ತಿನ್ನುತ್ತಿದ್ದನಾ? ಅಪ್ಪ ಒಂದನ್ನೂ ಸಿಹಿಮಾಡದೆ ಹೇಳಿದರು. ವಾಸು ಇಸ್ಪೀಟಿನಲ್ಲಿ ಮೋಸ ಮಾಡುತ್ತಿದ್ದ ಎಂದಾಗ ಪದ್ಮಾವತಮ್ಮ ನಕ್ಕುಬಿಟ್ಟರು. ಮೊದಲಿನ ಆ ಒಂದೇ ಗಳಿಗೆಯ ಸಾವಿನ ಕತೆಯಲ್ಲಿ ಕೇಳುವುದಕ್ಕೆ ಏನೂ ಇರಲಿಲ್ಲ. ಈಗ ಕೇಳಲು ಅವರಿಗೆ ಮಗನ ಇಡೀ ಬದುಕಿತ್ತು. ಅವರು ತೀರಿಕೊಳ್ಳುವವರೆಗೂ, ಸುಮಾರು ಹದಿನೈದು ವರ್ಷ, ಅಪ್ಪ ಹೋಗುತ್ತಿದ್ದರು.

ನಾನು ಚಿಕ್ಕಮಗಳೂರಿನ ನ್ಯಾಯಾಲಯದಲ್ಲಿ ಬೆರಳಚ್ಚಿನ ಕೆಲಸಕ್ಕೆ ಸೇರಿದೆ. ಸಾಕ್ಷಿಗಳು ಹೇಳಿದ್ದನ್ನು ಹೇಳಿದ ಹಾಗೆ ದಾಖಲಿಸುವುದು ನನ್ನ ಕೆಲಸ, ಇನ್ನು ಕೆಲವೇ ತಿಂಗಳಲ್ಲಿ ನಿವೃತ್ತಿ. ಅಜ್ಜಿ ಹೋದ ಮೇಲೆ ಅಪ್ಪ, ಅಮ್ಮ ನನ್ನ ಮನೆಗೆ ಬಂದರು. ಎಪ್ಪತ್ತು ದಾಟಿದಾಗ ಅಪ್ಪನ ಕಣ್ಣಿನ ನರ ಒಣಗತೊಡಗಿತು. ವೈದ್ಯರು ದೃಷ್ಟಿ ಉಳಿಸಲು ನೋಡಿದರು, ಆಗಲಿಲ್ಲ. ಎಡಗಿವಿಯೂ ಅಷ್ಟರಲ್ಲಿ ಪೂರ್ತಿ ಹೋಗಿತ್ತು. ಎಲ್ಲರೂ ಅಂದುಕೊಂಡಿದ್ದ ಕಿವುಡುತನ ಅವರಿಗೆ ನಿಜವಾಗಿ ಬಂದದ್ದು ಆಗ. ನಾನು ಏನು ಮಾಡಲೂ ತೋಚದೆ ನಿಂತಿದ್ದಾಗ ದಾರಿ ಹುಡುಕಿದವಳು ಅಮ್ಮ. ನಾಲ್ಕನೇ ಕ್ಲಾಸು ಓದಿದ ಅಮ್ಮ ಅವರ ಅಂಗೈ ಬಿಡಿಸಿ, ತೋರುಬೆರಳಿನಿಂದ ಒಂದೊಂದೇ ಅಕ್ಷರ ದೊಡ್ಡದಾಗಿ ಬರೆಯತೊಡಗಿದಳು. ಕಾಫಿ. ಮಾತ್ರೆ. ಮಗಳು ಬಂದಳು. ಅಪ್ಪ ತಿದ್ದುವ ಮೇಷ್ಟ್ರ ಹಾಗೆ, "ಇದೆಂತ, ದೀರ್ಘವಾ?" ಎಂದು ಕೇಳುತ್ತಿದ್ದರು.

ಒಂದು ಬೆಳಿಗ್ಗೆ, ನಾನು ಕೆಲಸಕ್ಕೆ ಹೊರಡುವ ತಯಾರಿಯಲ್ಲಿದ್ದಾಗ, ಅಪ್ಪ ಜಗಲಿಯ ಕುರ್ಚಿಯಿಂದ ಅಮ್ಮನನ್ನು ಕರೆದು ಹೇಳಿಬಿಟ್ಟರು. ತುಟಿ ಓದುವುದು, ಎಸ್ಟೇಟಿನ ಮನೆಯ ಊಟದ ಹೊತ್ತು, ಅವಳು ಆಡಿದ ಎಲ್ಲ ಮಾತು.

"ಗೋಡೆ ಜೊತೆ ಸಂಸಾರ ಅಂತಿದ್ದೆ. ಗೊತ್ತಿತ್ತು ನಂಗೆ. ಹೇಳ್ದೇ ಹೋದ್ರೆ ಸರಿಯಾಗಲ್ಲ ಅನ್ನಿಸ್ತು."

ಅಮ್ಮ ನನ್ನ ಕಡೆ ತಿರುಗಿ, "ನಿಂಗೂ ಗೊತ್ತಿತ್ತಾ?" ಎಂದಳು. ನಾನು ಹೌದೆಂದೆ. ನಾಲ್ಕು ದಿನ ಅವಳು ಅಪ್ಪನ ಕೈ ಮುಟ್ಟಲಿಲ್ಲ. ತಟ್ಟೆಯನ್ನು ಎದುರಿಗಿಟ್ಟು, ಅವರ ಕೈಯನ್ನು ಅದಕ್ಕೆ ತಾಗಿಸಿ ಹೋಗುತ್ತಿದ್ದಳು. ಅಪ್ಪ ಗಾಳಿಯಲ್ಲಿ ಅಂಗೈ ಬಿಚ್ಚಿಟ್ಟುಕೊಂಡು ಕೂರುತ್ತಿದ್ದರು, ಯಾರಾದರೂ ಏನಾದರೂ ಬರೆದಾರೆಂದು. ನಾನು ಹೋಗಿ ಬರೆದರೆ ಬೆರಳು ಮುಟ್ಟಿ ನೋಡಿ, "ನೀನಾ" ಎಂದು ಸುಮ್ಮನಾಗುತ್ತಿದ್ದರು.

ಐದನೇ ದಿನ ಬೆಳಿಗ್ಗೆ ಅಮ್ಮ ಒಂದು ಮಣೆ ತಂದು ಅವರ ಕುರ್ಚಿಯ ಪಕ್ಕ ಹಾಕಿಕೊಂಡು ಕೂತಳು. ಅವರ ಕೈಯನ್ನು ತನ್ನ ಮಡಿಲಿಗೆಳೆದುಕೊಂಡು ಬರೆಯತೊಡಗಿದಳು. ಬರೆದಳು, ಬರೆದಳು, ಬರೆಯುತ್ತಲೇ ಇದ್ದಳು. ಒಂದೆರಡು ಸಲ ಅಂಗೈಯನ್ನು ಒರೆಸಿ, ತಪ್ಪು ಅಳಿಸಿದ ಹಾಗೆ, ಮತ್ತೆ ಶುರುಮಾಡಿದಳು. ಅಪ್ಪ ಒಂದು ಅಕ್ಷರಕ್ಕೂ ಅಡ್ಡಮಾತಾಡಲಿಲ್ಲ. ಮುಖ ಮೊದಲು ಬಿಗಿಯಾಗಿತ್ತು, ಆಮೇಲೆ ಸಡಿಲವಾಯಿತು. ಕೊನೆಯಲ್ಲಿ ಅವರು ಗಟ್ಟಿಯಾಗಿ ನಕ್ಕರು, ಕಣ್ಣೊರೆಸಿಕೊಂಡರು. "ಆಯ್ತು ಮಾರಾಯ್ತಿ, ಆಯ್ತು" ಎಂದರು.

ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅಮ್ಮ ಮಣೆಯೆತ್ತಿಕೊಂಡು ಒಳಗೆ ಬರುವಾಗ ಕೇಳಿದೆ.

"ಎಂತ ಬರೆದೆ ಅಮ್ಮ?"

"ನಿಂಗ್ಯಾಕೆ ಅದು?" ಎಂದಳು ಅಮ್ಮ. "ಬಸ್ಸಿಗೆ ಹೊತ್ತಾಯ್ತು, ಹೋಗು."